ಜ್ವಾಳದಾಗಿನ ಲ್ಯಾಪ್‌ಟಾಪು, ಕಣಕದಾಗಿನ ಸ್ಕ್ರೂ

ಒಂದ್ ಮಾತ್ ಕೇಳ್ತೇನಿ, ಖರೇ ಹೇಳ್ರಿ. ‘ಇದನ್ನ ಜರಾ ಜ್ವಾಕಿಲೆ ಇಡ್ರಿ’ ಅಂತ ಮನ್ಯಾಗ ಯಾರ ಕೈಯಾಗರೆ ಒಂದ್ ಸಾಮಾನ ಕೊಟ್ಟು, ಅವರು ಮಾಡಿದ ಜ್ವಾಕಿಗೇ ಆ ಸಾಮಾನದ ಕಥಿ ಮುಗದಿದ್ದು ನಿಮ್ಮ ಮನ್ಯಾಗ ಆಗೇತೇನು? ನಮ್ಮ ಮನ್ಯಾಗ ಆಗೇತಿ. ಆದ್ರ ಅದನ್ನ ಹೇಳೂಕಿಂತ ಮೊದಲ ಒಬ್ಬರ ನಾಲಿಗಿ ಬಗ್ಗೆ ಹೇಳ್ಬೇಕು. ನಗಬ್ಯಾಡ್ರಿ.

ಆ ನಾಲಿಗಿ ತುದಿಗೆ ಒಂದ್ ಸಣ್ಣ ಬಿಳೀ ಗುರುತು ಇತ್ತು, ಸುಟ್ಟ ಗಾಯ ಮಾಯ್ದಂಗ. ಸಿಂದಗಿ ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡೂ ಕಾಕಾ ಒಬ್ಬರಿದ್ರು. ಸಣ್ಣ ಬ್ಯಾಟರಿ ಯಾವದು ತಂದ್ರೂ ಮೀಟರ್ ಹಚ್ಚಿ ನೋಡ್ತಿದ್ದಿಲ್ಲ. ನಾಲಿಗಿಗೆ ಮುಟ್ಟಿಸಿ, ಉಪ್ಪಿನಕಾಯಿ ರುಚಿ ನೋಡಿದವರಂಗ ಕಣ್ಣ ಮುಚ್ಚಿ, ‘ಹುಳಿ ಐತಿ, ಇನ್ನೊಂದ್ ತಿಂಗಳು ನಡೀತೈತಿ’ ಅಂತಿದ್ರು. ಇಲ್ಲಾಂದ್ರ ‘ಸಪ್ಪಗ ಆಗೇತಿ, ಒಗೀರಿ.’ ಬರೋಬ್ಬರಿ ಇರ್ತಿತ್ತು. ಊರ ಮಂದಿ ಎಲ್ಲಾರೂ ರೇಡಿಯೋ ಕಾಕಾ ಅಂತಿದ್ರು, ನಾನೂ ಹಂಗ ಅಂತೇನಿ.

ದುಕಾನ ಅಂದ್ರ ಏನ್ರಿ, ಒಂದ್ ಹೊರಸು ಹಾಕಿದ್ರ ತುಂಬತಿತ್ತು. ಗ್ವಾಡಿ ತುಂಬ ಮಂದಿ ಬಿಟ್ಟು ಹೋದ ರೇಡಿಯೋ. ಹತ್ತ ವರ್ಷ ಆದ್ರೂ ಒಂದನ್ನೂ ಗುಜರಿಗೆ ಹಾಕಿದವರಲ್ಲ. ಬಂದವರು ಸಾಮಾನ ಕೊಟ್ಟು ಹೊಳ್ಳಿ ಹೋಗೂ ಹಂಗಿದ್ದಿಲ್ಲ, ಎದುರಿಗೆ ಬೆಂಚಿನ ಮ್ಯಾಲ ಕುಂದರಬೇಕು. ‘ನಿಮ್ಮ ಸಾಮಾನಿನ ಹೊಟ್ಟಿ ಕೊಯ್ಯಾಕತ್ತೇನಿ, ನೀವ್ ಬಾಜೂಕ್ ಇರಬ್ಯಾಡೇನ್ರಿ?’ ಅನ್ನವರು.

ಇನ್ನೊಂದ್ ಚಾಳಿ. ದಿನಾ ಮುಂಜಾನಿ ಮನಿಂದ ಬರೂವಾಗ ಬುತ್ತಿ ಜೋಡಿ ಒಂದ್ ಉಂಡಿ ಗೋದಿ ಕಣಕ ತರ್ತಿದ್ರು, ಚಪಾತಿಗೆ ನಾದಿದ ಹಿಟ್ಟು. ಅದನ್ನ ಒಂದ್ ಸ್ಟೀಲ್ ತಾಟಿನ್ಯಾಗ ತಟ್ಟಿ, ಯಾವ ಮೂಲಿಯಿಂದ ಬಿಚ್ಚಿದ ಸ್ಕ್ರೂನ ಆ ಮೂಲಿಗೇ ಒತ್ತಿ ನಿಲ್ಲಸ್ತಿದ್ರು. ಸಾಮಾನಿನ ನಕಾಶಿ ತಾಟಿನ್ಯಾಗ ಮೂಡತಿತ್ತು. ಜ್ವಾಳದ ಹಿಟ್ಟ ಯಾಕ ಆಗಂಗಿಲ್ಲರಿ ಅಂತ ನಾ ಒಮ್ಮೆ ಕೇಳಿದ್ದೆ. ಅದು ಬಿರಿತೈತಿ, ಗೋದಿ ಹಿಡಕೋತೈತಿ ಅಂದ್ರು.

ಈಗ ನನ್ನ ಕಥಿಗೆ ಬರ್ತೇನಿ.

ನನ್ನ ತವರಮನಿ ಇಂಡಿ ತಾಲೂಕಿನ ತಾಂಬಾ. ಗಂಡನ ಮನಿ ಸಿಂದಗಿ ಬಾಜೂಕಿನ ಕನ್ನೊಳ್ಳಿ. ಮದುವಿಗಿಂತ ಮೊದಲ ನಾ ಪಿಎಚ್‌ಡಿಗೆ ಹೆಸರ ಹಚ್ಚಿದ್ದೆ. ವಿಷಯ ಏನಂದ್ರ, ಹೊಲದ ಹೆಸರು. ಕೇಳಿದವರೆಲ್ಲಾ ನಗ್ತಿದ್ರು. ಆದ್ರ ನೀವ ಹೇಳ್ರಿ, ನಮ್ಮ ಕಡೆ ಹೊಲದ ಸರ್ವೆ ನಂಬರ್ ಯಾರಿಗೆ ನೆನಪಿರ್ತೈತಿ? ಹೆಸರ ನೆನಪಿರ್ತಾವ. ಅಳಿಯನ ಮಡ್ಡಿ, ಕೋಣ ಕುಂತ ಪಟ್ಟಿ, ಅತ್ತಿ ಸಿಟ್ಟಿನ ಯರಿ. ಒಂದೊಂದ್ ಹೆಸರಿನ ಹಿಂದ ಒಂದೊಂದ್ ಸಂಗತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಕೂ ತಾಲೂಕ ಕೆಂಪ ಬಸ್ಸಿನ್ಯಾಗ ತಿರುಗಿದೆ. ನಾಲತವಾಡದ ಸಂತ್ಯಾಗ ಮುದುಕರನ್ನ ಹಿಡದ್ ಕುಂದರಿಸಿ ಬರ್ಕೊಂಡೆ. ಹೊಳಿ ದಂಡಿ ಊರಿಗೂ ಹೋಗಿದ್ದೆ. ಅವು ಆಮ್ಯಾಲ ಡ್ಯಾಮಿನ ನೀರಾಗ ಮುಳಗಿದ್ವು.

ಸೊಲ್ಲಾಪುರದಾಗ ನೌಕರಿ ಮಾಡೂ ಸ್ವಾದರಮಾವ, ಅವರ ಆಫೀಸಿನ್ಯಾಗ ಬ್ಯಾಡಂತ ಇಟ್ಟಿದ್ದ ಒಂದ್ ಲ್ಯಾಪ್‌ಟಾಪ್ ತಂದ್ ಕೊಟ್ಟಿದ್ದ. ಕಲ್ಲಿನಂಗ ತೂಕ. ನಮ್ಮ ಓಣ್ಯಾಗ ಅಂಥಾದ್ದನ್ನ ಯಾರೂ ನೋಡಿದ್ದಿಲ್ಲ. ಅದರಾಗ ಎಲ್ಲಾ ಟೈಪ್ ಮಾಡಿದ್ದೆ, ಅಧ್ಯಾಯ ಐದು, ಕಡೀಕ ಹೊಲದ ಹೆಸರಿನ ಪಟ್ಟಿ. ಹೆಸರು, ಊರು, ಯಾಕ ಆ ಹೆಸರು, ಹೇಳಿದವರು ಯಾರು.

ಅಷ್ಟರಾಗ ಮದುವಿ ಆತು. ವರ್ಷ ತುಂಬೂದ್ರಾಗ ಬಾಣಂತನಕ್ಕ ತಾಂಬಾಕ್ಕ ಹೊಂಟೆ. ಹೋಗೂವಾಗ ಲ್ಯಾಪ್‌ಟಾಪ್ ಅತ್ತಿ ಕೈಯಾಗ ಕೊಟ್ಟು, ಇದರಾಗ ನನ್ನ ನಾಕ್ ವರ್ಷದ ದುಡತ ಐತಿ, ಜ್ವಾಕಿಲೆ ಇಡ್ರಿ ಅಂದೆ. ಮುಂದ ಒಂದ್ ಕೂಸು, ಇನ್ನೊಂದ್ ಕೂಸು, ಗಂಡಗ ಸಿಂದಗಿ ಸಾಲ್ಯಾಗ ಮಾಸ್ತರಕಿ, ಬಾಡಗಿ ಮನಿ. ಪಿಎಚ್‌ಡಿ ಅನ್ನೂ ಮಾತ ಬಾಯಿಗೆ ಬರೂದು ನಿಂತು ಆರ್ ವರ್ಷ ಆತು.

ಆಮ್ಯಾಲ ಒಂದಿನ ಯುನಿವರ್ಸಿಟಿಯಿಂದ ಪತ್ರ ಬಂತು. ಹಳೇ ಮಂದಿಗೆ ಇದು ಕಡೀ ಅವಕಾಶ, ಆರ್ ತಿಂಗಳದಾಗ ಪ್ರಬಂಧ ಕೊಡ್ರಿ, ಇಲ್ಲಾಂದ್ರ ಹೆಸರ ತಗೀತೇವಿ ಅಂತ. ತಾಂಬಾದಾಗ ಇಟ್ಟಿದ್ದ ನೋಟಬುಕ್ಕು ಹುಡುಕಿದೆ, ಒರಲಿ ತಿಂದು ಮಣ್ಣ ಮಾಡಿದ್ವು. ಬರದದ್ದರ ಪ್ರತಿ ಇಟ್ಟ ಎರಡ್ ಫ್ಲಾಪಿ ಕಪಾಟಿನ್ಯಾಗ ಇದ್ವು, ಬೂಷ್ಟ ಹಿಡದಿದ್ವು. ಹೆಸರ ಹೇಳಿದ ಮುದುಕರಾಗ ಅರ್ಧಕ್ಕರ್ಧ ಮಂದಿ ತೀರಿಕೊಂಡಿದ್ರು. ಉಳದದ್ದು ಲ್ಯಾಪ್‌ಟಾಪ್ ಒಂದ.

ಕನ್ನೊಳ್ಳಿಗೆ ಓಡಿದೆ. ಅತ್ತಿ ಸೀರಿ ಸೆರಗ ಸಿಗಸ್ಕೊಂಡು, ಜ್ವಾಳ ತುಂಬಿದ ತಗಡಿನ ಪೀಪಾಯಿಯಾಗ ಮೊಣಕೈ ಮಟ ಕೈ ಹಾಕಿ, ಹಳೇ ಇಳಕಲ್ ಸೀರ್ಯಾಗ ಸುತ್ತಿದ ಗಂಟ ತಗದ್ರು. ನಮ್ಮ ಮನ್ಯಾಗ ಬಂಗಾರ ಇಡೂ ಜಾಗಾನೂ ಅದ. ಕಳ್ಳ ಬಂದ್ರ ಟ್ರಂಕ್ ಒಡೀತಾನ, ಜ್ವಾಳ ಬಗದು ನೋಡಂಗಿಲ್ಲ ಅನ್ನೂದು ಅವರ ಲೆಕ್ಕ. ವರ್ಷಾ ಹೊಸಾ ಜ್ವಾಳ ತುಂಬೂವಾಗ ತಗದು, ಒರಸಿ, ಹೊಳ್ಳಿ ಒಳಗ ಇಡ್ತಿದ್ರಂತ. ನುಸಿ ಹತ್ತಬಾರದಂತ ಜ್ವಾಳಕ್ಕ ಕಲಸಿದ್ದ ಬೂದಿ, ಬೇವಿನ ತಪ್ಪಲ ಎಲ್ಲಾ ಆ ಲ್ಯಾಪ್‌ಟಾಪಿಗೂ ಸಿಕ್ಕಿತ್ತು. ಅಡಾಪ್ಟರ್ ಒಂದ್ ಗೂಟಕ್ಕ ಜೋತ ಬಿಟ್ಟಿದ್ರು, ಅದರ ವಯರ್ ಇಲಿ ಕಡದಿದ್ವು.

ಬಿಜಾಪುರದಾಗ ಒಂದ್ ಕಂಪ್ಯೂಟರ್ ಅಂಗಡಿಗೆ ಒಯ್ದ್ವಿ. ಅಲ್ಲಿನ ಮನಷ್ಯಾ ಅದನ್ನ ಅಲಗಾಡಿಸಿದ, ಟೇಬಲ್ ಮ್ಯಾಲ ನಾಕೈದು ಜ್ವಾಳದ ಕಾಳ ಉದರಿದ್ವು. ಅಂವ ಬಾಜೂಕಿನವರನ್ನ ಕರದು ತೋರಿಸಿ ನಕ್ಕ. ರೊಟ್ಟಿ ಬರ್ತೈತಿ, ಪ್ರಬಂಧ ಬರಂಗಿಲ್ಲ, ಒಗೀರಿ ಅಂದ. ಅತ್ತಿ ನಮ್ಮ ಜೋಡಿ ಬಂದಿದ್ರು. ಬಸ್ಸಿನ್ಯಾಗ ಸಿಂದಗಿ ಬರೂ ತನಕ ಒಂದ್ ಮಾತ ಆಡಲಿಲ್ಲ. ನಾನೂ ಅವರನ್ನ ಮಾತಾಡಸಲಿಲ್ಲ. ಅದು ನನ್ನ ತಪ್ಪ, ಒಪ್ಕೋತೇನಿ. ಸಿಟ್ಟ ಇನ್ನೂ ಇಳದಿದ್ದಿಲ್ಲ.

ಮರುದಿನ ನನ್ನ ಗಂಡ, ರೇಡಿಯೋ ಕಾಕಾಗ ಒಮ್ಮೆ ತೋರಸೋಣ ಅಂದ. ಮುಳುಗೂವಾಗ ಏನ್ ಸಿಕ್ಕರೂ ಹಿಡೀತೇವಲ್ರಿ, ಹಂಗ ಹೋದೆ. ಅತ್ತಿ ಕರೀದಿದ್ರೂ ಚಪ್ಪಲ್ ಮೆಟ್ಕೊಂಡ್ ಬೆನ್ನ ಹತ್ತಿದ್ರು.

ಕಾಕಾ ಲ್ಯಾಪ್‌ಟಾಪನ್ನ ಮಗ್ಗಲಕ್ಕ ಹೊಳ್ಳಿಸಿ ನೋಡಿದ್ರು. ಇದರ ಒಳಗ ನಾ ಎಂದೂ ಇಣಿಕಿ ನೋಡಿಲ್ಲ, ಸುಳ್ಳ ಹೇಳಂಗಿಲ್ಲ ಅಂದ್ರು. ಆದ್ರ ತಿರುಗೂದು ತಿರುಗ್ಬೇಕು, ಕರೆಂಟ್ ಹರೀಬೇಕು, ಅಷ್ಟು ತಮಗ ಗೊತ್ತೈತಿ ಅಂದ್ರು. ಆಮ್ಯಾಲ ಒಳಗ ಏನೈತಿ ಅಂತ ಕೇಳಿದ್ರು. ಹೊಲದ ಹೆಸರು ಅಂದೆ. ಅವರು ನಗಲಿಲ್ಲ. ಯಾವ್ ಯಾವ್ ಊರಿಗೆ ಹೋಗಿದ್ದಿ ಅಂದ್ರು. ಹೇಳಕೋತ ಹೋದೆ. ಬಾಗೇವಾಡಿ ತಾಲೂಕಿನ ಹೊಳಿ ದಂಡಿ ಊರಿನ ಹೆಸರ ಬಂದಾಗ ಒಂದ್ಸಲ ಮುಖ ಎತ್ತಿ ನೋಡಿ, ‘ಹೂಂ’ ಅಂದು ಕಣಕ ತಟ್ಟಾಕ ಹತ್ತಿದ್ರು.

ಬಿಚ್ಚಿದ್ರು. ಸ್ಕ್ರೂ ಒಂದೊಂದ ತಾಟಿಗೆ ಹೋದ್ವು. ಒಳಗ ಬೂದಿ, ಜ್ವಾಳದ ಹೊಟ್ಟು, ಸತ್ತ ನುಸಿ. ಗಾಳಿ ಹೊಡಿಯೂ ಸಣ್ಣ ಫ್ಯಾನಿನ ರೆಕ್ಕಿ ನಡುವ ಒಂದ್ ಕಾಳ ಸಿಕ್ಕೊಂಡ್ ಕುಂತಿತ್ತು. ಕಾಕಾ ಚಿಮ್ಮಟಿಗಿಲೆ ಅದನ್ನ ಎತ್ತಿ, ಬೆಳಕಿಗೆ ಹಿಡದು, ಅತ್ತಿ ಕಡೆ ತಿರುಗಿದ್ರು.

"ಅಕ್ಕಾರ, ಇದು ಮಾಲದಂಡಿ ಜ್ವಾಳ ಹೌದಿಲ್ಲೋ?"

"ಹೌದ ತಮ್ಮಾ." ಅತ್ತಿ ದನಿ ಸಣ್ಣಾಗಿತ್ತು. "ನಾನ ಹಾಳ ಮಾಡೀನಿ. ಬಂಗಾರ ಇಡೂ ಜಾಗದಾಗ ಇಟ್ಟಿದ್ನೆಪ್ಪಾ. ತಿಳೀಲಿಲ್ಲ."

ಕಾಕಾ ಬ್ರಶ್ ಕೆಳಗ ಇಟ್ರು. ಒಳಗಿನ ಹಸರ ಹಲಗಿ ತೋರಿಸಿ, ನೋಡ್ರಿ ಇಲ್ಲಿ, ಎಲ್ಲೆರೆ ಜಂಗ, ತುಕ್ಕ ಐತೇನು ಅಂದ್ರು. ತಂಗಿ ಹೇಳಿದ್ಲಲ್ಲ, ಕಪಾಟಿನ್ಯಾಗ ಇಟ್ಟ ಫ್ಲಾಪಿಗೆ ಬೂಷ್ಟ ಬಂದೈತಿ, ಇದಕ್ಕ ಒಂದ್ ಕಲಿ ಇಲ್ಲ. ಜ್ವಾಳ ಹಸಿ ಎಲ್ಲಾ ಹೀರಿಕೊಂಡೈತಿ. "ಇದನ್ನ ಕೆಡಸಿದ್ದು ನೀವಲ್ಲ ಅಕ್ಕಾರ. ಉಳಿಸಿದ್ದು ನೀವು. ಬೂದಿ ಝಾಡಿಸಿದ್ರ ಹೋಗ್ತೈತಿ, ಜಂಗ ಹೋಗಂಗಿಲ್ಲ."

ಖರೇ ಇದ್ದದ್ದ ಹೇಳಿದ್ರೊ, ಆಕಿ ಸಮಾಧಾನಕ್ಕ ಹೇಳಿದ್ರೊ, ನನಗ ಇವತ್ತಿಗೂ ಗೊತ್ತಿಲ್ಲ. ಅತ್ತಿ ಮುಖ ಮಾತ್ರ ಮೊದಲಿನಂಗ ಆತು. ಸೆರಗಿಲೆ ಮೂಗ ಒರಸ್ಕೊಂಡು, ಮತ್ತ ಆ ಬಿಜಾಪುರದಾಂವ ಯಾಕ ನಕ್ಕ ಅಂತ ಜಗಳದ ದನಿಯಾಗ ಕೇಳಿದ್ರು. ಅಂವಗ ಜ್ವಾಳ ಗೊತ್ತಿಲ್ಲ, ರೊಟ್ಟಿ ಅಷ್ಟ ಗೊತ್ತು ಅಂದ್ರು ಕಾಕಾ.

ಒಳಗಿನ ಗುಂಡ ಬಟನ್ ಸೆಲ್ ತಗದು ನಾಲಿಗಿಗೆ ಹಚ್ಚಿದ್ರು. ಸಪ್ಪಗಿತ್ತು, ಹೊಸಾದ ಹಾಕಿದ್ರು. ಒಳಗಿನ ಭಾಗ ಒಂದಕ್ಕೊಂದು ಸಿಗಸೂ ಹಿತ್ತಾಳಿ ಬಣ್ಣದ, ಹಲ್ಲಿನಂಥಾ ಪಟ್ಟಿಗಳನ್ನ ಸಾಲಿ ಹುಡುಗರ ರಬ್ಬರಿಲೆ ತಿಕ್ಕಿ ಹೊಳಿಯೂಹಂಗ ಮಾಡಿದ್ರು. ಈಗ ಕರೆಂಟ್. ಆಗಿನ ಸಿಂದಗಿ ಕರೆಂಟ್ ನೆನಪೈತಲ್ರಿ? ಬರೂದು ಯಾವಾಗೊ, ಹೋಗೂದು ಯಾವಾಗೊ. ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಪೂರಾ ಸತ್ತಿತ್ತು. ನಡುವ ಕರೆಂಟ್ ಹೋದ್ರ ಎಲ್ಲಾ ಹೋದಂಗ.

ಕಾಕಾ ಕೆಳಗಿನ ಚೀಟಿ ಓದಿದ್ರು. ಹತ್ತೊಂಬತ್ತು ಓಲ್ಟ್ ಅಂತ ಇತ್ತು. ಸ್ವಲ್ಪ ಹೊತ್ತ ಹಣಿ ಕೆರಕೊಂಡು, ಮೈಕ್‌ಸೆಟ್ಟಿಗೆ ಇಟ್ಟಿದ್ದ ಹನ್ನೆರಡ ಓಲ್ಟಿನ ದೊಡ್ಡ ಬ್ಯಾಟರಿ ಎಳದ್ರು, ಹಳೇ ಮೋಟರ್‌ಸೈಕಲ್ಲಿಂದು ಆರ್ ಓಲ್ಟಿಂದು ಒಂದ್ ತಂದ್ರು. ಎರಡೂ ಚಾರ್ಜಿಗೆ ಹಾಕಿ, ನಾಳಿ ಬರ್ರಿ ಅಂದ್ರು. ಮರುದಿನ ಎರಡನ್ನೂ ಒಂದಕ್ಕೊಂದು ಜೋಡಿಸಿ ಮೀಟರ್ ಹಚ್ಚಿದ್ರು. ಪೂರಾ ಚಾರ್ಜ್ ಆದ ಬ್ಯಾಟರಿ ಬರದದ್ದಕ್ಕಿಂತ ಜರಾ ಹೆಚ್ಚ ಕೊಡ್ತೈತಂತ, ಹತ್ತೊಂಬತ್ತರ ಮ್ಯಾಲ ಜರಾ ಇತ್ತು. ಇದಕ್ಕ ನಾಲಿಗಿ ಯಾಕ ಹಚ್ಚಲಿಲ್ರಿ ಅಂತ ನನ್ನ ಗಂಡ ಕೇಳಿದ. ಹಚ್ಚಿದ್ರ ನಾಳಿಂದ ನನ್ನ ಮಾತೂ ನೀವ ಆಡ್ಬೇಕಾಗ್ತೈತಿ ಅಂದ್ರು. ಇಲಿ ಕಡದ ವಯರಿನ ಪಿನ್ ಕತ್ತರಿಸಿ ಬ್ಯಾಟರಿಗೆ ಬೆಸದ್ರು.

ಬಟನ್ ಒತ್ತಿದೆ. ದೀಪ ಹತ್ತಿತು. ಪರದಿ ಕರ್ರಗ. ಒಳಗ ಟಕ್, ಟಕ್, ಟಕ್.

ಕಾಕಾ ಸ್ಕ್ರೂಡ್ರೈವರಿನ ತುದಿ ಅದಕ್ಕ ಹಚ್ಚಿ, ಹಿಡಕಿ ಕಿವಿ ಹಿಂದಿನ ಎಲವಿಗೆ ಒತ್ಕೊಂಡ್ ಕೇಳಿದ್ರು. ತಿರುಗಾಕ ಒದ್ದಾಡಾಕತ್ತೇತಿ, ಬಗ್ಗವಲ್ದು ಅಂದ್ರು. ನನ್ನ ಬರವಣಿಗಿ ಎಲ್ಲಾ ಇದ್ದ ಆ ಡಬ್ಬಿ, ಹಾರ್ಡ್ ಡಿಸ್ಕ್, ಅದನ್ನ ಬಿಚ್ಚಿ ತಗದು, ತಮ್ಮ ಅಂಗಿ ಒಳಗ ಬಗಲಾಗ ಇಟ್ಕೊಂಡು ಚಾ ತರಿಸಿದ್ರು. ಚಳಿಗಾಲದಾಗ ಟೇಪ್‌ರೆಕಾರ್ಡರಿನ ಮೋಟರ್ ಹಿಡಕೊಂಡ್ರ ಹಿಂಗ ಮಾಡ್ತಿದ್ರಂತ. ಅರ್ಧಾ ತಾಸು ಹಂಗ ಕುಂತ್ರು.

"ಕೋಳಿ ಕಾವಿಗೆ ಕುಂತಂಗ ಕುಂತೀಯಲ್ಲೋ ತಮ್ಮಾ," ಅಂದ್ರು ಅತ್ತಿ.

"ಮರಿ ಆದ್ರ ಒಂದ್ ನಿಮಗ ಕೊಡ್ತೇನ್ರಿ ಅಕ್ಕಾರ."

ಆಮ್ಯಾಲ ಅದನ್ನ ಅಂಗೈಯಾಗ ಹಿಡದು, ಕೀಲಿ ತೆಗದಂಗ ಮಣಿಕಟ್ಟ ಒಮ್ಮೆ ತಿರುವಿ, ಹೊಳ್ಳಿ ಕುಂದರಿಸಿದ್ರು. ಬಟನ್ ಒತ್ತಿದೆ. ಟಕ್ ಅನಲಿಲ್ಲ. ಗುಂಯ್ ಅಂತ ಸಣ್ಣ ದನಿ ಎದ್ದಿತು, ಹಂಗ ಏರಕೋತ ಹೋತು. ಪರದಿ ಮ್ಯಾಲ ಬಿಳೀ ಅಕ್ಷರ ಬಂದ್ವು. ನಾ ಅತ್ತಿ ಕೈ ಹಿಡಕೊಂಡೆ. ಬಸ್ಸಿನ್ಯಾಗ ಮಾತಾಡಸದಿದ್ದದ್ದು ಅಷ್ಟರಾಗ ಮುಗೀತು.

ಖುಷಿ ಭಾಳ ಹೊತ್ತ ಇರಲಿಲ್ಲ. ಪ್ರತಿ ತಗೀಬೇಕಂತ ಹೊಸಾ ಫ್ಲಾಪಿ ಹಾಕಿದೆ, ಒಳಗ ಹೋಗವಲ್ದು. ಆ ಕಿಂಡ್ಯಾಗೂ ಬೂದಿ, ಹೊಟ್ಟು. ಎರಡು ಫ್ಲಾಪಿ ಕೆಟ್ವು. ಅದನ್ನ ಸ್ವಚ್ಛ ಮಾಡ್ಬೇಕಂದ್ರ ಬಂದ್ ಮಾಡ್ಬೇಕು. ಬಂದ್ ಮಾಡಿದ್ರ ಡಿಸ್ಕ್ ಮತ್ತ ತಿರುಗತೈತೊ ಇಲ್ಲೊ. ಕಾಕಾ ನನಗ ಬಿಟ್ರು. "ನಿನ್ನ ದುಡತ ತಂಗಿ. ನೀ ಹೇಳು. ಬ್ಯಾಟರಿ ಮೂರ್ ತಾಸ ಬರ್ತೈತಿ, ಬಂದ್ರ ಮೂರೂವರಿ."

ಅಧ್ಯಾಯ ಮತ್ತ ಬರೀಬಹುದು, ನನ್ನ ತಲ್ಯಾಗ ಅದಾವ. ಪಟ್ಟಿ ಮತ್ತ ಸಿಗಂಗಿಲ್ಲ, ಹೇಳಿದವರು ಇಲ್ಲ. ಬಂದ್ ಮಾಡೂದ ಬ್ಯಾಡ, ಪಟ್ಟಿ ನೋಡಿ ಕೈಲೆ ಬರಕೊಳ್ಳೋಣ ಅಂದೆ. ಇನ್ನೂರರ ಮ್ಯಾಲ ಹೆಸರಿದ್ವು. ನಾ ಓದೂದು. ಒಂದ್ ನನ್ನ ಗಂಡ ಬರೀಬೇಕು, ಇನ್ನೊಂದ್ ಕಾಕಾ. ಕಾಕಾ ತಮ್ಮ ಬಿಲ್ ಬುಕ್ಕಿನ ಬೆನ್ನಿಗೆ ಬರ್ಯಾಕತ್ತಿದ್ರು. ಅಕ್ಷರ ದುಂಡಗ ಇದ್ವು. ಬಂದ ಗಿರಾಕಿಗೆಲ್ಲಾ ಅತ್ತಿ ಬಾಗಲದಾಗ ನಿಂತು, ಇವತ್ತ ದುಕಾನ ಇಲ್ಲ ಹೋಗ್ರಿ ಅಂತ ಹೊಳ್ಳಿ ಕಳಸಾಕತ್ತಿದ್ರು, ದುಕಾನ ತಮ್ಮದ ಅನ್ನೂಹಂಗ.

ಮೊದಲ ಇಂಡಿ, ಆಮ್ಯಾಲ ಸಿಂದಗಿ, ಮುದ್ದೇಬಿಹಾಳ. ನಡುನಡುವ ಕಾಕಾ ಮೀಟರ್ ನೋಡಿ ನಂಬರ್ ಹೇಳವರು. ಹದಿನೆಂಟೂವರಿ. ಹದಿನೆಂಟು. ಬಾಗೇವಾಡಿ ಬರೂದ್ರಾಗ ಪರದಿ ಮಬ್ಬಾಗಿತ್ತು. ಹೊಳಿ ದಂಡಿ ಊರ ಎಲ್ಲಾಕಿಂತ ಕಡೀಕ ಇದ್ವು.

ಹಿಂದಿನ ದಿನ ಕಾಕಾ ಮುಖ ಎತ್ತಿ ನೋಡಿದ್ದ ಆ ಊರಿನ ಹೆಸರ ಓದಿದೆ. ಕಾಕಾನ ಸರತಿ. ಹೊಲದ ಹೆಸರು, ಬುತ್ತಿ ಮರ್ತ ಹೊಲ. ಹೇಳಿದವರು ಅಂತ ಒಬ್ಬ ಮುದುಕರ ಹೆಸರು. ನನಗ ಅವರು ನೆನಪಿದ್ರು, ಬಿಸಲಾಗ ಛತ್ರಿ ಹಿಡದು ಆ ಹೊಲದ ತನಕ ನನ್ನ ಕರಕೊಂಡ ಹೋಗಿದ್ರು. ಯಾಕ ಆ ಹೆಸರು ಅನ್ನೂದನ್ನ ಅವರ ಮಾತಿನ್ಯಾಗ ಬರದಿದ್ದೆ, ಓದಿದೆ: ಹೊಲದಾಗ ಇದ್ದೆ, ಗಂಡ ಕೂಸ ಹುಟ್ಟೇತಿ ಅಂತ ಹೇಳಿ ಕಳಿಸಿದ್ರು. ಬಿಚ್ಚಿದ ಬುತ್ತಿ ಅಲ್ಲೇ ಮರ್ತು ಮನಿಗೆ ಓಡಿದೆ, ನಾಯಿ ತಿಂತು. ಮಂದಿ ನಕ್ಕು ಹೊಲಕ್ಕ ಹೆಸರಿಟ್ರು.

ಕಾಕಾನ ಪೆನ್ನ ನಿಂತಿತ್ತು.

"ಇನ್ನೊಮ್ಮೆ ಓದವ್ವಾ," ಅಂದ್ರು.

ಕಾಕಾ, ಬ್ಯಾಟರಿ ಅಂದೆ.

"ಇರ್ಲಿ. ಒಮ್ಮೆ ಓದು."

ಓದಿದೆ. ಆಮ್ಯಾಲ ಅವರು ತಲಿ ಎತ್ತದ ಹೇಳಿದ್ರು, "ನಮ್ಮಪ್ಪ. ಅವತ್ತ ಹುಟ್ಟಿದಾಂವ ನಾನ. ಈ ಹೆಸರ ಯಾಕಂತ ನನಗ ಯಾರೂ ಹೇಳಿದ್ದಿಲ್ಲ."

ಆಮ್ಯಾಲ ತಿಳೀತು ಅವರ ಸಂಗತಿ. ಹೊಲಾ ಮಾಡವಲ್ಲೆ, ರೇಡಿಯೋ ಕಲಿತೇನಿ ಅಂತ ಹದಿನೆಂಟನೇ ವರ್ಷಕ್ಕ ಮನಿ ಬಿಟ್ ಬಂದಿದ್ರು. ಹೊಲದಾಗ ಕಾಲಿಡಬ್ಯಾಡ ಅಂತ ಅಪ್ಪ ಹೇಳಿದ್ರಂತ. ಅಪ್ಪ ಇರೂ ತನಕ ಮಾತಿದ್ದಿಲ್ಲ. ಅಪ್ಪ ಹೋದ ಮ್ಯಾಲ ಹೊಲಾನೂ ನೀರಾಗ ಹೋತು. ಈಗ ನನಗ ಹೊಳೀತೈತಿ, ಆ ಊರಿನ ಹೆಸರ ಪಟ್ಟ್ಯಾಗ ಐತಿ ಅಂತ ಅವರಿಗೆ ಮೊದಲಿನ ದಿನಾ ಗೊತ್ತಿತ್ತು. ಪಟ್ಟೀನ ಕಡೀ ಹೆಸರಿಂದ ಓದು ಅಂತ ಒಂದ್ ಮಾತ ಅಂದಿದ್ರ ನಾ ಓದ್ತಿದ್ದೆ. ಮೂರ್ ತಾಸ ಕುಂತು ಮಂದಿ ಹೊಲದ ಹೆಸರ ಬರದ್ರು, ಬ್ಯಾಟರಿ ಇಳಿಯೂದನ್ನ ನೋಡಿಕೋತ. ಕೇಳಲಿಲ್ಲ.

ಅದರ ಮುಂದಿನ ಎರಡ್ ಹೆಸರ ಓದೂದ್ರಾಗ ಪರದಿ ಆರಿತು. ಏಳೋ ಎಂಟೋ ಹೆಸರ ಉಳದ್ವು, ಅವು ಹೋದ್ವು. ಇನ್ನೊಮ್ಮೆ ಓದಿದ್ದಕ್ಕ ನನಗ ಎಂದೂ ಕೆಟ್ಟ ಅನಿಸಿಲ್ಲ.

ಮರುದಿನ ಕಾಕಾ ಎಷ್ಟ್ ಬಗಲಾಗ ಇಟ್ಕೊಂಡ್ರೂ ಆ ಡಿಸ್ಕ್ ತಿರುಗಲಿಲ್ಲ. ನಾ ಅಧ್ಯಾಯ ಎಲ್ಲಾ ಹೊಳ್ಳಿ ಬರದೆ. ಮಕ್ಕಳನ್ನ ನೋಡ್ಕೊಳ್ಳಾಕ ಅತ್ತಿ ಕನ್ನೊಳ್ಳಿ ಬಿಟ್ಟು ಸಿಂದಗ್ಯಾಗ ಐದ್ ತಿಂಗಳು ಇದ್ರು. ಪ್ರಬಂಧ ಕೊಟ್ಟೆ, ಡಿಗ್ರಿ ಬಂತು, ಇವತ್ತ ಕಾಲೇಜಿನ್ಯಾಗ ಕನ್ನಡ ಕಲಸ್ತೇನಿ, ಅದರ ಮ್ಯಾಲ ಮನಿ ನಡೀತೈತಿ. ಪೇಢೆ ಒಯ್ದು ಕೊಟ್ಟಾಗ ಕಾಕಾ ತಿಂದ್ರು, ಆದ್ರ ಮುಖ ಸಣ್ಣದು. ನಿನ್ನ ಸಾಮಾನ ನಂಗ ಒಲೀಲಿಲ್ಲ ತಂಗಿ ಅಂದ್ರು. ಬಿಡ್ರಿ ಕಾಕಾ, ಒಗೀರಿ ಅಂದೆ. ಇಲ್ಲಿರ್ಲಿ, ಇನ್ನೊಮ್ಮೆ ನೋಡ್ತೇನಿ ಅಂದ್ರು. ಮೊಬೈಲ್ ಬಂದ್ವು, ರೇಡಿಯೋ ತರವರು ನಿಂತ್ರು. ನಾ ಆ ದಾರೀಲೆ ಹೋದಾಗೆಲ್ಲಾ ಅದ ಮಾತ, ಇನ್ನೊಮ್ಮೆ ನೋಡ್ತೇನಿ.

ಅವರು ತೀರಿಕೊಂಡ ಸುದ್ದಿ ನನಗ ತಡಾ ಆಗಿ ಗೊತ್ತಾತು. ಮಣ್ಣಿಗೆ ಹೋಗಾಕ ಆಗಲಿಲ್ಲ. ವಾರದ ಮ್ಯಾಲ ಅವರ ಮಗಳು ನಮ್ಮ ಮನಿ ಹುಡುಕ್ಕೊಂಡ್ ಬಂದಳು. ಕೈಯಾಗ ನನ್ನ ಲ್ಯಾಪ್‌ಟಾಪು, ಅದರ ಮ್ಯಾಲ ಆ ಸ್ಟೀಲ್ ತಾಟು. ಕಣಕ ಒಣಗಿ ಕಲ್ಲಾಗಿತ್ತು. ಸ್ಕ್ರೂ ಎಲ್ಲಾ ತಂತಮ್ಮ ಮೂಲ್ಯಾಗ ನಿಂತಿದ್ವು, ಒಂದೂ ಬಿದ್ದಿದ್ದಿಲ್ಲ. ಅಪ್ಪ ಇದನ್ನ ಯಾರಿಗೂ ಮುಟ್ಟಗೊಟ್ಟಿಲ್ರಿ, ಕೆಲಸ ಮುಗದಿಲ್ಲ ಅಂತಿದ್ರು ಅಂದಳು. ಆ ಬಿಲ್ ಬುಕ್ಕಿನ ಹಾಳಿ? ನಾ ಪ್ರಬಂಧಕ್ಕ ಇಳಿಸ್ಕೊಂಡ ಮ್ಯಾಲ ಎಲ್ಲಾ ಅವರಿಗೇ ಕೊಟ್ಟಿದ್ದೆ. ಅದರಾಗ ಒಂದನ್ನ ಹರದು ದುಕಾನದ ಗ್ವಾಡಿಗೆ, ದೇವರ ಫೋಟೋದ ಬಾಜೂಕ ಹಚ್ಚಿದ್ರಂತ. ಯಾವ ಹಾಳಿ ಅಂತ ನಾ ಹೇಳೂದ ಬ್ಯಾಡ.

ತಾಟು ನಮ್ಮ ಮನ್ಯಾಗ ಐತಿ. ನಾ ತಿಕ್ಕಿಲ್ಲ, ತಿಕ್ಕಂಗಿಲ್ಲ.

ಈಗ ನಿಮ್ಮ ಸರತಿ. ನಿಮ್ಮೂರಾಗೂ ಇಂಥಾ ಒಬ್ಬರು ಇದ್ದಿರಬೇಕು, ಎಲ್ಲಾರೂ ಒಗೀರಿ ಅಂದದ್ದನ್ನ ಮುಂದ ಇಟ್ಕೊಂಡ್ ಕುಂತವರು. ಅವರ ಬಗ್ಗೆ ಕೆಳಗ ಬರೀರಿ. ಹಂಗ ನಿಮ್ಮ ಹೊಲದ ಹೆಸರೂ ಬರೀರಿ, ಯಾಕ ಆ ಹೆಸರು ಅಂತ. ಗೊತ್ತಿಲ್ಲಾಂದ್ರ ಇವತ್ತ ಸಂಜಿಕ ಅಪ್ಪಗ ಒಂದ್ ಮಾತ ಕೇಳ್ರಿ, ಮಾತ ಬಿಟ್ಟಿದ್ರೂ ಕೇಳ್ರಿ. ನಾ ಎಲ್ಲಾ ಬರದ್ ಇಟ್ಕೋತೇನಿ. ಈ ಸಲ ಕಂಪ್ಯೂಟರಿನ್ಯಾಗೂ ಇಡ್ತೇನಿ, ಹಾಳಿ ಮ್ಯಾಲೂ ಇಡ್ತೇನಿ, ಒಂದ್ ಪ್ರತಿ ಅತ್ತಿ ಕೈಯಾಗ ಕೊಟ್ಟು ಜ್ವಾಳದಾಗೂ ಇಡಸ್ತೇನಿ.